ಮೋನಪ್ಪ ಬದುಕಿದ್ದಾನೆಂದು ಕೋರ್ಟು ನಂಬಿದ ವರ್ಷ

ಹೋದ ಶ್ರಾವಣದಲ್ಲಿ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಅಮ್ಮಿನಬಾವಿಗೆ ಹೋಗಿದ್ದೆ. ಬಸ್ಸಿಳಿದು ಓಣಿಯೊಳಗೆ ಹೊರಳುವಾಗ ಒಂದು ವಾಸನೆ ಅಡ್ಡ ಬಂತು. ಕೆಂಪಗೆ ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಾಗ ಚುಂಯ್ ಎಂದು ಏಳುವ ಹಬೆಯ ವಾಸನೆ. ನಾನು ನಿಂತುಬಿಟ್ಟೆ. ಜೊತೆಗಿದ್ದ ಸೊಸೆ, "ಯಾಕ್ರಿ ಅತ್ಯಾ, ಕಾಲು ನೋಯಲಿಕ್ಕತ್ತಾವೇನು?" ಎಂದಳು. ಕಾಲು ನೋಯುತ್ತಿರಲಿಲ್ಲ. ನಾನು ಕಾಯ್ದೆ ಓದಲು ಕಲಿತ ವರ್ಷ ನೆನಪಾಗಿತ್ತು.

ಸಿಂಗಾಪುರ ಜಪಾನೀಯರ ಕೈಗೆ ಬಿದ್ದ ಮರುವರ್ಷ ಅದು. ಆಗಷ್ಟೇ ನನ್ನ ಲಗ್ನವಾಗಿ ಕೇಶ್ವಾಪುರದ ತವರುಮನೆಯಿಂದ ಧಾರವಾಡಕ್ಕೆ ಬಂದಿದ್ದೆ. ಅತ್ತೆಯವರು ಹಿಂದೆಯೇ ತೀರಿಕೊಂಡಿದ್ದರು. ನನ್ನ ಯಜಮಾನರು ಹುಬ್ಬಳ್ಳಿಯ ರೈಲ್ವೆ ಆಫೀಸಿಗೆ ಮುಂಜಾನೆಯ ಗಾಡಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಇಡೀ ದಿನ ಮನೆಯಲ್ಲಿ ನಾನು ಮತ್ತು ಮಾವನವರು. ಮಾವನವರು ಹಳೆಯ ವಕೀಲರು, ಊರಲ್ಲೆಲ್ಲ ರಾಯರು ಎಂದೇ ಹೆಸರು. ಅವರ ಎರಡೂ ಕಣ್ಣಿಗೆ ಪೊರೆ ಕಟ್ಟಿ ಮೋತಿಬಿಂದು ಬಂದಿತ್ತು. ಡಾಕ್ಟರು, "ಇನ್ನೂ ಹಣ್ಣಾಗಬೇಕು, ಆಮ್ಯಾಲೆ ತೆಗೀತೀನಿ" ಎಂದಿದ್ದರಂತೆ. ಕಣ್ಣೊಳಗಿನ ಬಿಂದು ಹಣ್ಣಾಗುವುದೆಂದರೆ ಹೇಗೆ ಎಂದು ನಾನು ಮಾವನವರನ್ನೇ ಕೇಳಿದೆ. ಸೊಸೆಯಾದವಳು ಬಂದ ತಿಂಗಳೊಳಗೇ ಹೀಗೆಲ್ಲ ಕೇಳಬಾರದಿತ್ತೇನೋ. ಅವರು ಮಾತ್ರ ನಕ್ಕು, "ನಿನಗ ಇಂಗ್ಲೀಷ್ ಓದಲಿಕ್ಕೆ ಬರ್ತದಲ್ಲ?" ಎಂದರು. ಮ್ಯಾಟ್ರಿಕ್ ಆಗಿದೆ ಎಂದೆ. ಮರುದಿನದಿಂದ ಊಟವಾದ ಮೇಲೆ ಪಡಸಾಲೆಯಲ್ಲಿ ಅವರ ಕಾಯ್ದೆ ಪುಸ್ತಕಗಳನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸವಾಯಿತು.

ಮೊದಮೊದಲು ಏನೂ ತಿಳಿಯುತ್ತಿರಲಿಲ್ಲ. ಒಂದೊಂದು ವಾಕ್ಯ ಪುಟದ ಈ ತುದಿಯಿಂದ ಆ ತುದಿಗೆ ಹೋಗಿ, ಮತ್ತೆ ಹೊರಳಿ ಬಂದು, ಎಲ್ಲಿ ಶುರುವಾಯಿತೆಂಬುದೇ ಮರೆತುಹೋಗುತ್ತಿತ್ತು. ಆದರೆ ನಾನು ಒಂದು ಪ್ರಶ್ನೆ ಕೇಳಿದರೆ ಮಾವನವರು ಒಂದು ಕತೆ ಹೇಳುತ್ತಿದ್ದರು. ಯಾರದೋ ಬಾವಿ, ಯಾರದೋ ಬದು, ಯಾರೋ ಬರೆದಿಟ್ಟು ಹೋದ ಮೃತ್ಯುಪತ್ರ. ಈ ಒಣ ವಾಕ್ಯಗಳ ಹಿಂದೆ ಇಷ್ಟೊಂದು ಜನ ಅಡಗಿದ್ದಾರಲ್ಲ ಎಂದು ನನಗೆ ಅಚ್ಚರಿಯಾಗುತ್ತಿತ್ತು.

ಆ ಸಲ ಮಳೆ ಲಗೂನ ಹಿಡಿಯಿತು. ಮಿರಗದ ಮಳೆ ಜಿಟಿಜಿಟಿ ಹನಿಯುತ್ತಿದ್ದ ಒಂದು ಮುಂಜಾನೆ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಮೊಣಕಾಲ ತನಕ ಎರೆಮಣ್ಣು. ಅಮ್ಮಿನಬಾವಿಯಿಂದ ನಡೆದೇ ಬಂದಿದ್ದಳು. ವಯಸ್ಸು ನನಗಿಂತ ಆರೇಳು ವರ್ಷ ಹೆಚ್ಚಿರಬಹುದು. ಹಣೆಯ ತುಂಬ ಕುಂಕುಮ, ಮುಂಗೈ ತುಂಬ ಹಸಿರು ಬಳೆ.

"ರಾಯರ ಅದಾರೇನ್ರಿ ಬಾಯಾರ? ನಾ ಕಂಬಾರ ನೀಲವ್ವರಿ. ನಮ್ಮ ಮನಿ ಬಾಗಲಕ್ಕ ಈ ಕಾಗದ ಅಂಟಿಸಿ ಹೋಗ್ಯಾರ. ಓದಿ ಹೇಳ್ರಿ."

ಪಡಸಾಲೆಯಲ್ಲಿ ಕೂತು ಉಡಿಯಿಂದ ತೆಗೆದುಕೊಟ್ಟಳು. ಒಂದು ಮೂಲೆ ಒದ್ದೆಯಾಗಿತ್ತು. ಅದು ಕೋರ್ಟಿನ ಸಮನ್ಸು. ಮಾವನವರು ಒಳಗಿನಿಂದ ಬಂದು ಆರಾಮ ಕುರ್ಚಿಯಲ್ಲಿ ಕೂತು, "ಓದವಾ" ಎಂದರು. ನಾನು ಓದಲು ತೊಡಗಿದೆ. ವಾದಿ ದುಂಡಪ್ಪ, ಅಮ್ಮಿನಬಾವಿಯ ಕಿರಾಣಿ ಅಂಗಡಿಯವನು. ಮುಂದೆ ಪ್ರತಿವಾದಿಯ ಹೆಸರು. ಅಲ್ಲಿ ನನ್ನ ದನಿ ನಿಂತಿತು.

"ಯಾಕ ನಿಂತಿ?" ಎಂದರು ಮಾವನವರು.

ನಾನು ನೀಲವ್ವನ ಕೈಬಳೆ ನೋಡುತ್ತಿದ್ದೆ. ಕಾಗದದಲ್ಲಿ, "ಮೃತ ಮೋನಪ್ಪ ಕಂಬಾರ, ಇವನ ವಿಧವೆ ನೀಲವ್ವ" ಎಂದಿತ್ತು.

"ನನ್ನ ಹೆಸರ ಹೆಂಗ ಬರದಾರ್ರಿ ಬಾಯಾರ?" ನೀಲವ್ವ ಕೇಳಿದಳು.

ಓದಿದೆ. ಇನ್ನೇನು ಮಾಡಲಿ? ಆಕೆ ಅಳುತ್ತಾಳೆಂದು ಹೆದರಿದ್ದೆ. ಅಳಲಿಲ್ಲ. ಕೂತಲ್ಲೇ ಸ್ವಲ್ಪ ಮುಂದೆ ಸರಿದು, "ಅವರಿಗ್ಯಾರ ಹೇಳಿದ್ರರಿ? ಏನರ ಸುದ್ದಿ ಬಂದೈತೇನು?" ಎಂದು ಕೇಳಿದಳು. ಸಿಟ್ಟಿನ ಮಾತಲ್ಲ ಅದು. ಎಲ್ಲಿಂದಾದರೂ ಒಂದು ಸುದ್ದಿ ಸಿಕ್ಕರೆ ಸಾಕು ಎನ್ನುವಂತಿತ್ತು.

ಮಾವನವರು ಒಂದೊಂದಾಗಿ ಕೇಳಿ ವಿಷಯ ತಿಳಿದುಕೊಂಡರು. ಮೋನಪ್ಪ ತನ್ನ ಮನೆಯನ್ನೂ ಅದಕ್ಕೆ ಹೊಂದಿದ ಕಂಬಾರ ಸಾಲೆಯನ್ನೂ ದುಂಡಪ್ಪನಲ್ಲಿ ಅಡವಿಟ್ಟು ಸಾಲ ಪಡೆದಿದ್ದ. ಸಾಲೆಗೆ ಹಂಚು ಹೊದಿಸಿ, ಕಬ್ಬಿಣ ಬಡಿಯಲು ಹೊಸ ಅಡಿಗಲ್ಲು ತಂದಿದ್ದ. ಅದನ್ನು ತೀರಿಸಬೇಕೆಂದೇ, ಸೈನ್ಯಕ್ಕೆ ಭರ್ತಿ ಮಾಡುವವರು ಧಾರವಾಡಕ್ಕೆ ಬಂದಾಗ ಹೆಸರು ಹಚ್ಚಿ ಪಲ್ಟನ್ ಸೇರಿದ. ಅಲ್ಲಿಯೂ ಕಂಬಾರಿಕೆಯೇ; ಸೇತುವೆಯ ಸಲಾಕೆ, ಲಾರಿಯ ಪಟ್ಟಿ. ಒಂದು ವರ್ಷ ಪತ್ರವೂ ಬಂತು, ರೊಕ್ಕವೂ ಬಂತು, ದುಂಡಪ್ಪನಿಗೂ ಸಂದಾಯವಾಯಿತು. ಕಡೆಯ ಪತ್ರ ಸಿಂಗಾಪುರದಿಂದ. ಆ ಊರು ಬಿದ್ದ ಮೇಲೆ ಅವನ ಸುದ್ದಿಯೇ ಇಲ್ಲ. ಸರಕಾರದಿಂದ ನೀಲವ್ವನ ಹೊಟ್ಟೆಗಾಗುವಷ್ಟು ಬರುತ್ತಿತ್ತು, ಸಾಲಕ್ಕೆ ಸಾಲುತ್ತಿರಲಿಲ್ಲ. ಈಗ ದುಂಡಪ್ಪ ಮನೆಯನ್ನೂ ಸಾಲೆಯನ್ನೂ ಹರಾಜು ಹಾಕಿಸಿಕೊಡಿರೆಂದು ದಾವೆ ಹಾಕಿದ್ದ.

"ಸುಮಿತ್ರಾ," ಎಂದರು ಮಾವನವರು, "ಕಪಾಟಿನ ಮ್ಯಾಲಿನ ಖಣದಾಗ, ಬಲಗಡೆ, ತೆಳ್ಳಂದೊಂದು ಪುಸ್ತಕ ಅದ ನೋಡು."

ಧೂಳು ಕೊಡವಿ ತಂದೆ. ಸೈನ್ಯದಲ್ಲಿರುವವರ ದಾವೆಗಳ ಬಗ್ಗೆ ಸರಕಾರ ಮಾಡಿದ ಕಾಯ್ದೆ ಅದು. ಓದುತ್ತ ಹೋದಂತೆ ನನಗೆ ಸೋಜಿಗ. ಸಿಪಾಯಿ ಯುದ್ಧದಲ್ಲಿರುವಾಗ ಊರಲ್ಲಿ ಅವನ ಮೇಲೆ ದಾವೆ ಬಿದ್ದರೆ ಕೋರ್ಟು ಸುಮ್ಮನೆ ನಡೆಸಿಬಿಡುವ ಹಾಗಿಲ್ಲ. ಅವನ ಮೇಲಧಿಕಾರಿಗಳಿಗೆ ತಿಳಿಸಬೇಕು. ಅವನು ಯುದ್ಧದಲ್ಲಿದ್ದಾನೆ, ನ್ಯಾಯಕ್ಕಾಗಿ ದಾವೆ ಮುಂದೂಡಬೇಕು ಎಂದು ಅವರು ಬರೆದುಕೊಟ್ಟರೆ ನಿಲ್ಲಿಸಬೇಕು. ಅವನಿಲ್ಲದಾಗ ಹುಕುಂ ಆಗಿಬಿಟ್ಟಿದ್ದರೂ ಆಮೇಲೆ ರದ್ದು ಮಾಡಿಸಿಕೊಳ್ಳಬಹುದು.

"ಹೋದ ವರ್ಷ ಅರ್ಧ ಊರನ್ನ ಜೇಲಿಗೆ ಹಾಕಿದ ಸರಕಾರ ಇಂಥಾದ್ದೂ ಮಾಡೇದೇನ್ರಿ?" ಎಂದೆ. ಚಲೇಜಾವ್ ಚಳವಳಿಯಲ್ಲಿ ಸಿಕ್ಕಿದ ನಮ್ಮ ಓಣಿಯ ಇಬ್ಬರು ಹುಡುಗರು ಇನ್ನೂ ಒಳಗೇ ಇದ್ದರು. ಮಾವನವರೂ ಖಾದಿ ಉಡುತ್ತಿದ್ದವರೇ.

"ಇದು ಕರುಣಿ ಅಲ್ಲವಾ," ಎಂದರು. "ಊರಾಗ ಮನಿ ಹರಾಜಾಗ್ಲಿಕ್ಕತ್ತದ ಅಂತ ತಿಳದಾಂವ ಅಲ್ಲಿ ಲಕ್ಷ್ಯ ಕೊಟ್ಟು ಕೆಲಸ ಮಾಡ್ತಾನೇನು? ಅದಕ್ಕ ಮಾಡ್ಯಾರ. ಯಾಕರ ಮಾಡಿರ್ಲಿ, ಈಕಿಗೆ ಉಪಯೋಗ ಆದ್ರ ಆತು." ಮತ್ತೆ ತಾವೇ ಹೇಳಿದರು: "ಆದ್ರ ಈ ಕಾಯ್ದೆ ಇರೋದು ಬದುಕಿದ್ದ ಸಿಪಾಯಿಗೆ. ದುಂಡಪ್ಪ ಶಾಣ್ಯಾ. ಸಿಪಾಯಿ ಮ್ಯಾಲೆ ದಾವೆ ಹಾಕಿಲ್ಲ, ಸಿಪಾಯಿ ಸತ್ತಾನ ಅಂತ ಹೇಳಿ ಹೆಣ್ತಿ ಮ್ಯಾಲೆ ಹಾಕ್ಯಾನ."

ನೀಲವ್ವ ಹೋದಳು. ನನ್ನ ತಲೆಯಿಂದ ಆ ಮಾತು ಹೋಗಲಿಲ್ಲ. ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದವಳು ಎದ್ದು ಬಂದು ಕೇಳಿದೆ: "ಮಾವಾ, ಒಬ್ಬಾಂವ ಬದುಕ್ಯಾನೋ ಸತ್ತಾನೋ ಯಾರಿಗೂ ಗೊತ್ತಿಲ್ಲ ಅಂದ್ರ ಕಾಯ್ದೆ ಏನಂತ ತಿಳೀತದ?"

ಅವರ ಮುಖ ಅರಳಿತು. "ಇಷ್ಟು ಹೊತ್ತು ನಾನೂ ಅದನ್ನ ವಿಚಾರ ಮಾಡ್ಲಿಕ್ಕತ್ತಿದ್ದೆ. ಸಾಕ್ಷಿ ಕಾಯ್ದೆ ತಗೊಂಡು ಬಾ."

ಅವತ್ತು ಓದಿದ ಎರಡು ಕಲಮುಗಳು ಇವತ್ತಿಗೂ ನನಗೆ ಬಾಯಿಪಾಠ. ಹಿಂದಿನ ಮೂವತ್ತು ವರ್ಷದೊಳಗೆ ಒಬ್ಬನು ಬದುಕಿದ್ದನೆಂದು ತೋರಿಸಿದರೆ, ಅವನು ಸತ್ತಿದ್ದಾನೆ ಎನ್ನುವವರೇ ಅದನ್ನು ಸಿದ್ಧಮಾಡಬೇಕು. ಆದರೆ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಅವನ ಸುದ್ದಿಯೇ ತಿಳಿಯದಿದ್ದರೆ, ಆಗ ಬದುಕಿದ್ದಾನೆ ಎನ್ನುವವರ ಮೇಲೆ ಭಾರ ಹೊರಳುತ್ತದೆ. ಸಿಂಗಾಪುರ ಬಿದ್ದು ಒಂದೂವರೆ ವರ್ಷವೂ ಆಗಿರಲಿಲ್ಲ. ಅಂದರೆ ಕಾಯ್ದೆಯ ಪ್ರಕಾರ ಮೋನಪ್ಪ ಬದುಕಿದ್ದ! ನನಗೆ ತಡೆಯಲಾರದಷ್ಟು ಖುಷಿಯಾಯಿತು. ಮುಂದಿನ ಸಲ ನೀಲವ್ವ ಬಂದಾಗ ಬಾಗಿಲಲ್ಲೇ ಹೇಳಿಬಿಟ್ಟೆ.

ಆಕೆ ನನ್ನ ಮುಖ ನೋಡಿದಳು. "ಕಾಯ್ದೆಕ್ಕ ಹೆಂಗ ಗೊತ್ತಾತ್ರಿ ಬಾಯಾರ?"

"ಗೊತ್ತಿಲ್ಲ ನೀಲವ್ವ. ಗೊತ್ತಾಗೋತನಕ ಹಂಗ ತಿಳೀಬೇಕು ಅಂತ ಅದ."

"ಹಂಗರ," ಎಂದಳು, "ನನ್ನಂಗ ಐತಿ ಅದೂನು."

ಆಷಾಢದಲ್ಲಿ ಒಂದು ದಿನ ದುಂಡಪ್ಪನೇ ನಮ್ಮ ಮನೆಗೆ ಬಂದ. ಎದುರು ಪಕ್ಷದವರು ಹೀಗೆ ಬರಬಹುದೇ ಎಂದು ನನಗೆ ಬೆರಗು. ದಪ್ಪ ಮೈಯ, ಮೆತ್ತಗಿನ ಮಾತಿನ ಮನುಷ್ಯ. ಕೊಡೆಯನ್ನು ಹೊರಗೇ ಆನಿಸಿಟ್ಟು, ಹೊಸ್ತಿಲ ಹತ್ತಿರ ಕೂತು ಹೇಳಿದ:

"ರಾಯರ, ನನ್ನ ಮಗಳ ಲಗ್ನ ಗೊತ್ತಾಗೈತ್ರಿ. ನಾ ಕಟುಕ ಅಲ್ಲ. ಅಂವ ಹೋಗ್ಯಾನ ಅಂತ ಊರಿಗೆಲ್ಲ ಗೊತ್ತೈತಿ, ಆಕಿಗಿ ಹೇಳಾಕ ಒಬ್ಬರಿಗೂ ಧೈರ್ಯ ಇಲ್ಲ. ನೀವರ ತಿಳಿಸಿ ಹೇಳ್ರಿ. ಎಷ್ಟ ದಿನ ಹಿಂಗ ದಾರಿ ನೋಡ್ಯಾಳ?"

"ಊರಿಗೆ ಗೊತ್ತಿದ್ದದ್ದು ಕೋರ್ಟಿಗೆ ಗೊತ್ತಾಗಬೇಕಲ್ಲಪಾ ದುಂಡಪ್ಪ. ಸಾಕ್ಷಿ ತಾ."

"ತರತೇನ್ರಿ," ಎಂದ ದುಂಡಪ್ಪ. ಆ ಮಾತಿನಲ್ಲಿ ಹಟವಿರಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು.

ದಾವೆಯ ಮೊದಲ ತಾರೀಖಿನಂದು ಮಾವನವರ ಕೈ ಹಿಡಿದು ನಾನೇ ಕೋರ್ಟಿಗೆ ಕರೆದೊಯ್ದೆ. ಯಜಮಾನರು ರಜೆ ಕೇಳಿ ಸಿಗದೆ, "ನೀನ ಹೋಗು, ಹೆಂಗಿದ್ರೂ ಪುಸ್ತಕ ಎಲ್ಲೆಲ್ಲಿ ಅವ ನಿನಗ ಗೊತ್ತು" ಎಂದಿದ್ದರು. ಒಳಗೆ ಹೆಂಗಸೆಂದರೆ ನಾನು ಮತ್ತು ನೀಲವ್ವ ಇಬ್ಬರೇ. ಕರಿ ಕೋಟಿನವರೆಲ್ಲ ಹೊರಳಿ ಹೊರಳಿ ನೋಡಿದರು. ನಾನು ಮಡಿಲಲ್ಲಿ ಪುಸ್ತಕಗಳನ್ನಿಟ್ಟುಕೊಂಡು ಬೆಂಚಿನ ತುದಿಗೆ ಕೂತೆ. ಕಣ್ಣು ಎಲ್ಲವನ್ನೂ ನುಂಗುತ್ತಿತ್ತು.

ದುಂಡಪ್ಪನ ವಕೀಲರು ಎದ್ದು ನಿಂತು, ಮೋನಪ್ಪ ಸಿಪಾಯಿಯೇ ಅಲ್ಲ ಎಂದರು. "ಅವನು ಬಂದೂಕು ಹಿಡಿದವನಲ್ಲ, ಸುತ್ತಿಗೆ ಹಿಡಿದವನು. ಇವನೂ ಸಿಪಾಯಿ ಎಂದರೆ ನಾಳೆ ಪಲ್ಟನ್ನಿನ ಅರಿವೆ ಒಗೆಯುವವನೂ ಸಿಪಾಯಿ ಎನ್ನಬೇಕಾಗುತ್ತದೆ." ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

"ಅನ್ನಬೇಕು," ಎಂದರು ಮಾವನವರು. "ಸೈನ್ಯದ ಪಟ್ಟಿಯಲ್ಲಿ ಹೆಸರು ಹಚ್ಚಿಸಿ, ಸೈನ್ಯದ ಕಾಯ್ದೆಗೆ ತಲೆಬಾಗಿದವನು ಯಾವ ಸಾಮಾನು ಹಿಡಿದರೇನು? ಅವನು ತಪ್ಪು ಮಾಡಿದರೆ ಸೈನ್ಯದ ಶಿಕ್ಷೆಯೇ ಆಗುತ್ತಿತ್ತು. ಶಿಕ್ಷೆಗೆ ಸಿಪಾಯಿಯಾದವನು ರಕ್ಷಣೆಗೆ ಕಂಬಾರನಾಗುತ್ತಾನೆಯೇ?"

ಜಜ್ಜರು ಕಲಮು ಕೇಳಿದರು. ನಾನು ಎದ್ದು ಪುಸ್ತಕ ಕೊಟ್ಟೆ. ಅವರು ಓದಿಕೊಂಡು, ಸೈನ್ಯದ ಅಧಿಕಾರಿಗಳಿಗೆ ಕೇಳಿ ಬರೆಯಲು ಹೇಳಿದರು. ಮೋನಪ್ಪ ನಿಮ್ಮವನೇ? ಎಲ್ಲಿದ್ದಾನೆ? ಬದುಕಿದ್ದಾನೆಯೇ?

ಉತ್ತರಕ್ಕಾಗಿ ಇಡೀ ಮಳೆಗಾಲ ಕಾದೆವು. ಶ್ರಾವಣ ಹೋಯಿತು, ದಸರೆಯ ಬನ್ನಿ ಹಂಚಿದ್ದಾಯಿತು. ಸೀಮೆಎಣ್ಣೆ ಸಿಗದೆ ಓದು ಹಗಲಿನಲ್ಲೇ ಮುಗಿಯಬೇಕಾಗಿತ್ತು. ಅಂಚೆಯವನ ಸೈಕಲ್ ಗಂಟೆ ಕೇಳಿದಾಗೆಲ್ಲ ನಾನು ಬಾಗಿಲಿಗೆ ಹೋಗುತ್ತಿದ್ದೆ, ಆ ಉತ್ತರ ಬರುವುದು ಕೋರ್ಟಿಗೆ ಎಂಬುದು ಗೊತ್ತಿದ್ದೂ. ನನಗೆ ಮೋನಪ್ಪನ ಮುಖ ಕೂಡ ಗೊತ್ತಿಲ್ಲ, ಆದರೂ ರೊಟ್ಟಿ ಬಡಿಯುವಾಗ, ತಲೆ ಬಾಚುವಾಗ, ಈ ಹೊತ್ತಿಗೆ ಅವನು ಏನು ಮಾಡುತ್ತಿರಬಹುದು ಎಂದು ಯೋಚಿಸುವ ಗೀಳು ಹತ್ತಿತ್ತು.

ದೀಪಾವಳಿ ಕಳೆದು ಉತ್ತರ ಬಂತು. ಮೋನಪ್ಪ ಸೈನ್ಯದ ಪಟ್ಟಿಯಲ್ಲಿರುವವನು, ಕೆಲಸ ಕಂಬಾರಿಕೆ. ಸಿಂಗಾಪುರ ಬಿದ್ದಂದಿನಿಂದ ನಾಪತ್ತೆ. ಸತ್ತನೆಂದೂ ಇಲ್ಲ, ಸೆರೆ ಸಿಕ್ಕನೆಂದೂ ಇಲ್ಲ. ಬೇರೆ ಸುದ್ದಿ ಬರುವ ತನಕ ಅವನನ್ನು ಯುದ್ಧದಲ್ಲಿದ್ದವನೆಂದೇ ತಿಳಿಯುತ್ತೇವೆ, ದಾವೆ ಮುಂದೂಡುವುದು ನ್ಯಾಯ. ಇಷ್ಟೇ.

ಅದನ್ನು ಓದಿದ ದಿನವೇ ದುಂಡಪ್ಪನ ವಕೀಲರು, ತಮ್ಮ ಬಳಿ ಸಾವನ್ನು ಕಂಡ ಸಾಕ್ಷಿ ಇದ್ದಾನೆ ಎಂದರು.

ಸಾಕ್ಷಿಯ ಹೆಸರು ಫಕೀರಪ್ಪ. ಗಬ್ಬೂರಿನವನು. ಮೋನಪ್ಪನ ಪಲ್ಟನ್ನಿನಲ್ಲೇ ಬಡಿಗನಾಗಿದ್ದ. ಸಿಂಗಾಪುರ ಬೀಳುವ ಮುಂಚೆ ಗಾಯಗೊಂಡು, ಹಡಗಿನಲ್ಲಿ ಹಿಂದಕ್ಕೆ ಬಂದು, ಬಲಗಾಲು ಕಳೆದುಕೊಂಡು ಮನೆ ಸೇರಿದ್ದ. ದುಂಡಪ್ಪ ಎಲ್ಲೆಲ್ಲೋ ವಿಚಾರಿಸಿ ಅವನನ್ನು ಹುಡುಕಿ, ಬಾಡಿಗೆ ಟಾಂಗಾದಲ್ಲಿ ಕೂಡಿಸಿಕೊಂಡು ಬಂದಿದ್ದ.

ಆ ದಿನ ಮೊದಲು ನೀಲವ್ವನ ಸಾಕ್ಷಿಯಾಯಿತು. ಪ್ರಮಾಣ ಮಾಡಿಸಿದ ಮೇಲೆ ಮಾವನವರು, "ನಿನ್ನ ಗಂಡ ಎಲ್ಲಿದ್ದಾನೆ?" ಎಂದು ಕೇಳಿದರು.

"ಎಲ್ಲಿ ಅಂತ ಗೊತ್ತಿಲ್ರಿ. ಅದಾನ್ರಿ," ಎಂದಳು.

ಆಮೇಲೆ ಫಕೀರಪ್ಪ ಸಾಕ್ಷಿಕಟ್ಟೆಗೆ ಬಂದ. ಬಗಲುಕೋಲನ್ನು ಕಟಕಟೆಗೆ ಆನಿಸಿ ನಿಂತ. ಹೇಳಿದ್ದನ್ನೆಲ್ಲ ನೆಲ ನೋಡುತ್ತಲೇ ಹೇಳಿದ. ಮೇಲಿನಿಂದ ಬಾಂಬು ಬಿತ್ತು. ಮೋನಪ್ಪನ ಕುಲುಮೆ ಇದ್ದ ಷೆಡ್ಡಿನ ಮೇಲೇ ಬಿತ್ತು. ಹೊಗೆಯೊಳಗೆ ತನಗೆ ಕಾಲಿಗೆ ಹೊಡೆತ ಬಿತ್ತು. ಆಮೇಲೆ ಮೋನಪ್ಪನನ್ನು ತಾನು ನೋಡಲಿಲ್ಲ.

ನಾನು ನೀಲವ್ವನ ಕಡೆ ನೋಡಲಾರದೆ ಪುಸ್ತಕದ ಬೆನ್ನನ್ನು ನೋಡುತ್ತ ಕೂತೆ.

ಮಾವನವರು ಎದ್ದರು. ಅವರಿಗೆ ಸಾಕ್ಷಿಯ ಮುಖ ಮಸುಕಾಗಿಯಷ್ಟೇ ಕಾಣುತ್ತಿತ್ತು. ದನಿ ಬಂದ ಕಡೆಗೆ ಹೊರಳಿ ನಿಂತು ಕೇಳಿದರು. "ಬಾಂಬು ಬಿದ್ದಾಗ ಮೋನಪ್ಪ ಷೆಡ್ಡಿನೊಳಗಿದ್ದನೇನಪಾ?"

"ಯಾವಾಗ್ಲೂ ಅಲ್ಲೇ ಇರ್ತಿದ್ದರಿ."

"ಅವತ್ತು ನೋಡಿದ್ಯಾ?"

"ನೋಡಿಲ್ರಿ."

"ಹೆಣ ನೋಡಿದ್ಯಾ?"

"ಇಲ್ರಿ." ಫಕೀರಪ್ಪ ಮೊದಲ ಸಲ ತಲೆಯೆತ್ತಿದ. "ಸತ್ತಾನ ಅಂತ ನಾ ಎಂದೂ ಅಂದಿಲ್ರಿ ಸಾಹೇಬ್ರ. ಮುಂದ ಕಾಣಲಿಲ್ಲ ಅಂತ ಅಂದೇನಿ. ನಾನೂ ಅಲ್ಲಿದ್ದವರಿಗೆ ಮುಂದ ಕಂಡಿಲ್ಲ. ಅವರೂ ನಾ ಸತ್ತೇನಿ ಅಂತ ತಿಳದಿರಬೇಕು."

ಜಜ್ಜರು ಬರೆಯುತ್ತಿದ್ದ ಟಾಕನ್ನು ನಿಲ್ಲಿಸಿ ಅವನನ್ನು ನೋಡಿದರು. ಮಾವನವರು ಕೂತರು. ಮತ್ತೆ ಕೇಳುವುದೇನೂ ಉಳಿದಿರಲಿಲ್ಲ.

ಊಟದ ಬಿಡುವಿನಲ್ಲಿ ಹೊರಗೆ ಬಂದೆವು. ಕೋರ್ಟಿನ ಅಂಗಳದ ಬೇವಿನ ಗಿಡದ ಕೆಳಗೆ ಫಕೀರಪ್ಪ ಒಬ್ಬನೇ ಕೂತಿದ್ದ. ನೀಲವ್ವ ನೆಟ್ಟಗೆ ಅವನ ಹತ್ತಿರ ಹೋದಳು. ಬೈಯುತ್ತಾಳೇನೋ ಎಂದು ನಾನು ಹಿಂದಿನಿಂದಲೇ ಓಡಿದೆ. ಆಕೆ ಅವನೆದುರು ನೆಲಕ್ಕೆ ಕೂತು, "ಯಣ್ಣಾ, ಅಂವ ಅಲ್ಲಿ ಹೆಂಗಿದ್ದ?" ಎಂದು ಕೇಳಿದಳು. "ಉಣ್ಣಾಕ ಏನ ಕೊಡ್ತಿದ್ರು? ಮೈಯಾಗ ನೆಟ್ಟಗಿದ್ದನ?"

ಫಕೀರಪ್ಪ ಬಗಲುಕೋಲನ್ನು ಬದಿಗೆ ಸರಿಸಿದ. ಕೋರ್ಟಿನಲ್ಲಿ ಯಾರೂ ಅವನಿಗೆ ಇದನ್ನು ಕೇಳಿರಲಿಲ್ಲ.

"ಛಲೋ ಇದ್ದ ತಂಗಿ. ಅಲ್ಲಿ ಅನ್ನ ಅಂದ್ರ ಅನ್ನ, ಬ್ಯಾರೆ ಇಲ್ಲ. ರೊಟ್ಟಿ ಇಲ್ಲಂತ ಅವನದೊಂದ ಗೋಳು. ಕಡೀಕ ಮುರದ ಲಾರಿದು ತಗಡ ಬಡದು ರೊಟ್ಟಿ ಹಂಚು ಮಾಡಿದ. ಜ್ವಾಳ ಎಲ್ಲಿ ತರಬೇಕು? ಗೋದಿ ಹಿಟ್ಟಿಂದ ಮಾಡಿದ. ತಾನ ಕುಂತು ತಟ್ಟಾಂವ, ಹೆಣ್ಮಕ್ಕಳ ಗತೆ ತಿರಗಿಸಿ ತಿರಗಿಸಿ. ನಮ್ಮ ಕಡೆಯವರು ನಾಕ ಮಂದಿ ಅವನ ಸುತ್ತ ಕುಂತು ತಿಂತಿದ್ದಿವಿ."

"ಅಂವ?" ನೀಲವ್ವನ ಕಣ್ಣು ದೊಡ್ಡವಾದವು. "ಅಂವ ರೊಟ್ಟಿ ತಟ್ಟಿದ್ನ? ಮನ್ಯಾಗ ಒಂದ ತಂಬಗಿ ನೀರ ತಾನ ತಗೊಂಡಾಂವಲ್ಲ!"

ಹೀಗೆಂದು ನಕ್ಕುಬಿಟ್ಟಳು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಆದರೂ ಬಿಡಲಿಲ್ಲ. ರೊಟ್ಟಿ ಸುಡುತ್ತಿದ್ದನೇ, ಹಸಿ ಇರುತ್ತಿತ್ತೇ, ಪಲ್ಯ ಏನು, ರಾತ್ರಿ ನಿದ್ದೆಯಲ್ಲಿ ಇನ್ನೂ ಬಡಬಡಿಸುತ್ತಿದ್ದನೇ, ಕುಲುಮೆಗೆ ಅಲ್ಲಿ ಇದ್ದಲಿ ಯಾವುದು, ಎಲ್ಲವನ್ನೂ ಕೇಳಿದಳು. ಫಕೀರಪ್ಪ ಒಂದೊಂದನ್ನೂ ನೆನೆಸಿ ನೆನೆಸಿ ಹೇಳಿದ. ಹೇಳುವುದರಿಂದ ಅವನಿಗೂ ಏನೋ ಹಗುರಾಗುತ್ತಿದ್ದಂತಿತ್ತು. ನಾನು ಪಕ್ಕದಲ್ಲಿ ನಿಂತು ಕೇಳಿದೆ. ಎರಡು ವರ್ಷದಿಂದ ಒಂದು ಸುದ್ದಿಗಾಗಿ ಹಸಿದವಳಿಗೆ ಕಡೆಗೂ ಸುದ್ದಿ ತಂದುಕೊಟ್ಟವನು ದುಂಡಪ್ಪ, ಅದೂ ಟಾಂಗಾದ ಬಾಡಿಗೆ ತಾನೇ ಕೊಟ್ಟು!

ಮಧ್ಯಾಹ್ನ ಜಜ್ಜರು ಹುಕುಂ ಬರೆಸಿದರು. ಸಾವು ಸಿದ್ಧವಾಗಿಲ್ಲ. ಕಾಯ್ದೆಯ ಪ್ರಕಾರ ಮೋನಪ್ಪ ಬದುಕಿದ್ದಾನೆ, ಯುದ್ಧದಲ್ಲಿದ್ದಾನೆ. ಅವನನ್ನೇ ಪ್ರತಿವಾದಿಯೆಂದು ಸೇರಿಸಬೇಕು. ಅವನು ಬರುವ ತನಕ ಅಥವಾ ಅವನ ಖಚಿತ ಸುದ್ದಿ ತಿಳಿಯುವ ತನಕ ದಾವೆ ನಿಲ್ಲಬೇಕು. ಮಾರ್ಗಶಿರದ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಿತ್ತು. ಮಾವನವರು ನನ್ನ ಕಡೆ ಬಾಗಿ, "ಕೇಳಿದ್ಯಾ?" ಎಂದು ಪಿಸುಗುಟ್ಟಿದರು, ನಾನೇ ಆ ದಾವೆಯ ವಕೀಲೆಯೋ ಎಂಬಂತೆ.

ಹೊರಗೆ ಬಂದ ಮೇಲೆ ನೀಲವ್ವ ಕೇಳಿದಳು: "ರಾಯರ, ಕೋರ್ಟ್ ನಿಂತರ ಬಡ್ಡಿನೂ ನಿಲ್ಲತೈತೇನ್ರಿ?"

ನಾನು ಮಾವನವರ ಮುಖ ನೋಡಿದೆ. ಈ ಪ್ರಶ್ನೆ ನನಗೇಕೆ ಹೊಳೆಯಲಿಲ್ಲ?

"ಇಲ್ಲ ನೀಲವ್ವ," ಎಂದರು. "ನಿಂತದ್ದು ದಾವೆ ಅಷ್ಟ. ಬಡ್ಡಿ ನಡದ ಇರ್ತದ."

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹಂಗರ ನಾನೂ ನಡೀಬೇಕ್ರಿ," ಎಂದು, ಫಕೀರಪ್ಪನನ್ನು ಕರೆದುಕೊಂಡು ಹೋದಳು. ಅವನು ಆ ರಾತ್ರಿ ಅಮ್ಮಿನಬಾವಿಯಲ್ಲಿ ಆಕೆಯ ಮನೆಯಲ್ಲೇ ಉಂಡ ಎಂದು ಆಮೇಲೆ ತಿಳಿಯಿತು. ದುಂಡಪ್ಪ ಖಾಲಿ ಟಾಂಗಾದಲ್ಲಿ ಹೋದನಂತೆ.

ಎಳ್ಳ ಅಮಾವಾಸ್ಯೆ ಕಳೆದ ಮೇಲೆ ನೀಲವ್ವನ ಕರೆ ಬಂತು. ಮಾವನವರು, "ನಡಿ, ನಾವು ಉಳಿಸಿದ ಮನಿ ಹೆಂಗ ಅದ ನೋಡಿ ಬರೋಣು" ಎಂದರು. ಚಕ್ಕಡಿಯಲ್ಲಿ ಹೋದೆವು. ದಾರಿಯುದ್ದಕ್ಕೂ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ಕಂಬಾರ ಸಾಲೆಯಲ್ಲಿ ಬೆಂಕಿ ಉರಿಯುತ್ತಿತ್ತು. ನೀಲವ್ವ ಸೀರೆಯ ಕಚ್ಚೆ ಬಿಗಿದು, ಅಡಿಗಲ್ಲಿನ ಮುಂದೆ ಕೂತು ಕುಡಗೋಲಿಗೆ ಹಲ್ಲು ಹಾಕುತ್ತಿದ್ದಳು. ಮದುವೆಯಾದಂದಿನಿಂದ ತಿದಿ ಒತ್ತುತ್ತ ಗಂಡನ ಕೈ ನೋಡಿದ್ದಳು. ಮೊದಲಿಗೆ ಊರವರು ನಕ್ಕರಂತೆ. ಸುಗ್ಗಿ ಬಾಗಿಲಿಗೆ ಬಂದಿತ್ತು, ಬೇರೆ ಕಂಬಾರನಿರಲಿಲ್ಲ, ಕುಡಗೋಲುಗಳು ತಾವಾಗಿ ಬಂದವು.

ನಾವು ನಿಂತಿದ್ದ ಹಾಗೆಯೇ ದುಂಡಪ್ಪ ಬಂದ, ಕೈಯಲ್ಲಿ ಒಂದು ಕಟ್ಟು ಕುಡಗೋಲು. ನಮ್ಮನ್ನು ಕಂಡು ಸ್ವಲ್ಪ ನಾಚಿದ. "ಕೋರ್ಟ್ ಬ್ಯಾರೆ ರಾಯರ, ಕೆಲಸ ಬ್ಯಾರೆ," ಎಂದ. ನೀಲವ್ವನಿಗೆ, "ಇದರ ಕೂಲಿ ಬಡ್ಡ್ಯಾಗ ಮುರಕೋತೇನಿ" ಎಂದ.

"ಬ್ಯಾಡ್ರಿ ಯಪ್ಪಾ," ಎಂದಳು ಆಕೆ, ತಲೆಯೆತ್ತದೆ. "ಬಡ್ಡಿದು ಕೋರ್ಟಿನ್ಯಾಗ ಐತಿ. ಇದರದು ಕೈಯಾಗ ಕೊಡ್ರಿ."

ಮಾವನವರು ಜೋರಾಗಿ ನಕ್ಕರು. ದುಂಡಪ್ಪನೂ ನಕ್ಕು ಜೇಬಿಗೆ ಕೈ ಹಾಕಿದ. ನೀಲವ್ವ ಕೆಂಪಗೆ ಕಾದ ಕುಡಗೋಲನ್ನು ಇಕ್ಕಳದಲ್ಲಿ ಹಿಡಿದು ನೀರಿನ ಬಾನಿಯಲ್ಲಿ ಅದ್ದಿದಳು. ಹಬೆ ಎದ್ದು ನಮ್ಮೆಲ್ಲರ ಮುಖದ ಮೇಲೆ ಬಂತು.

ಅಲ್ಲಿಗೆ ಆ ವರ್ಷ ಮುಗಿಯಿತೆನ್ನಬೇಕು. ಮರು ಬೇಸಿಗೆಗೆ ಮಾವನವರ ಮೋತಿಬಿಂದು ಹಣ್ಣಾಗಿ, ತೆಗೆಸಿ, ದಪ್ಪ ಚಷ್ಮಾ ಬಂತು. ಓದಲು ಬರುವಂತಾದರೂ, "ನೀ ಓದಿದ್ರ ತಿಳೀತದ, ನಾ ಓದಿದ್ರ ಬರೇ ಅಕ್ಷರ" ಎಂದು ನನ್ನಿಂದಲೇ ಓದಿಸುತ್ತಿದ್ದರು. ನೀಲವ್ವನ ಕೂಲಿಯಲ್ಲಿ ಅಷ್ಟಿಷ್ಟು ಬಡ್ಡಿ ತೀರುತ್ತಿತ್ತು. ದುಂಡಪ್ಪನ ಮಗಳ ಲಗ್ನವೂ ಹೇಗೋ ಆಯಿತು.

ಯುದ್ಧ ಮುಗಿದು ಕೆಲವು ತಿಂಗಳಿಗೆ ಸೈನ್ಯದಿಂದ ಸುದ್ದಿ ಬಂತು. ಮೋನಪ್ಪ ಬಾಂಬಿಗೆ ಸತ್ತಿರಲಿಲ್ಲ. ಸೆರೆ ಸಿಕ್ಕಿದ್ದ. ಜಪಾನೀಯರು ಅವನನ್ನು ಎಲ್ಲೋ ದೂರದ ದ್ವೀಪಕ್ಕೆ ಕೆಲಸಕ್ಕೆ ಒಯ್ದಿದ್ದರು. ಅಲ್ಲಿಯ ಬಿಡಾರದಲ್ಲಿ ಜ್ವರದಿಂದ ತೀರಿಕೊಂಡಿದ್ದ. ಸೆರೆಯಲ್ಲಿದ್ದಷ್ಟು ಕಾಲದ ಅವನ ಪಗಾರ ಸರಕಾರದ ಲೆಕ್ಕದಲ್ಲಿ ಕೂಡಿತ್ತು. ಅದು ನೀಲವ್ವನ ಕೈಗೆ ಬಂತು, ದುಂಡಪ್ಪನ ಸಾಲ ಚುಕ್ತವಾಯಿತು. ಅಂದು ದಾವೆ ನಿಲ್ಲದೇ ಹೋಗಿದ್ದರೆ, ಆ ದುಡ್ಡು ಬರುವ ಹೊತ್ತಿಗೆ ಆ ಮನೆ ಯಾರದೋ ಆಗಿರುತ್ತಿತ್ತು. ಅಡವು ಪತ್ರವನ್ನು ದುಂಡಪ್ಪ ತಾನೇ ಆಕೆಯ ಬಾಗಿಲಿಗೆ ಹೋಗಿ ಕೊಟ್ಟು ಬಂದನಂತೆ.

ಈ ಎಲ್ಲ ಆದ ಮೇಲೆ ಒಂದು ದಿನ ನೀಲವ್ವ ನಮ್ಮ ಮನೆಗೆ ಬಂದಳು. ಪಡಸಾಲೆಯಲ್ಲಿ ಅದೇ ಜಾಗದಲ್ಲಿ ಕೂತಳು. ಸೈನ್ಯದ ಕಾಗದವನ್ನು ಊರಲ್ಲೇ ಯಾರೋ ಓದಿ ಹೇಳಿದ್ದರು, ಆದರೂ ನನ್ನ ಕೈಗೆ ಕೊಟ್ಟು, "ಯಾವಾಗ ಅಂತ ಬರದಾರ್ರಿ ಬಾಯಾರ?" ಎಂದಳು.

ನೋಡಿ ಹೇಳಿದೆ. ಜ್ಯೇಷ್ಠದಲ್ಲಿ, ಮಳೆ ಹಿಡಿಯುವ ಹೊತ್ತಿಗೆ.

"ಯಾವ ಜ್ಯೇಷ್ಠ?"

"ಕೋರ್ಟಿನ ಹುಕುಂ ಆತಲ್ಲ, ಅದರ ಮುಂದಿಂದು."

ಆಕೆ ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸಿದಳು. ಮಾರ್ಗಶಿರದಿಂದ ಜ್ಯೇಷ್ಠಕ್ಕೆ. ಮತ್ತೊಮ್ಮೆ ಎಣಿಸಿದಳು. ಮಾವನವರು ಕುರ್ಚಿಯಲ್ಲಿ ಚಷ್ಮಾ ತೆಗೆದು ಕೂತಿದ್ದರು.

"ಹಂಗರ ಬಾಯಾರ, ನಾ ಕೋರ್ಟಿನ್ಯಾಗ ಅದಾನ್ರಿ ಅಂತ ಹೇಳಿದ ದಿನ ಅಂವ ಇದ್ದ."

"ಇದ್ದ ನೀಲವ್ವ."

"ಸುಳ್ಳ ಹೇಳಿಲ್ಲ ನಾನು."

"ಇಲ್ಲ."

ಆಕೆ ತಲೆಯಾಡಿಸಿದಳು. ಕಾಗದವನ್ನು ಇಸಿದುಕೊಂಡು ನಾಲ್ಕು ಮಡಿಕೆ ಮಾಡಿದಳು. ಒಂದು ತಂಬಿಗೆ ನೀರು ಕೇಳಿ ಕುಡಿದು, "ನೇಗಲದ ಕುಳ ಎರಡ ಬಂದಾವ್ರಿ, ಹೊತ್ತ ಮುಣಗೂದರಾಗ ಬಡೀಬೇಕು" ಎಂದು ಎದ್ದು, ಅಮ್ಮಿನಬಾವಿಯ ದಾರಿ ಹಿಡಿದಳು.